ರಿಪೋರ್ಟ್ ಬಂತು, ಆಮೇಲೆ ಮಗು ಎಲ್ಲಿಗೆ ಹೋಗಬೇಕು?

ಹುಟ್ಟಿದ ಒಂದೆರಡು ದಿನದಲ್ಲೇ ಮಗುವಿನ ಹಿಮ್ಮಡಿ ಚುಚ್ಚಿ ಕೆಲವು ಹನಿ ರಕ್ತ ತೆಗೆದು, ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆ ಇವೆಯೇ ಎಂದು ತಪಾಸಣೆ ಮಾಡುತ್ತಾರೆ. ಅಮೆರಿಕದಲ್ಲಿ ಇದು ಶುರುವಾಗಿ 60 ವರ್ಷ ದಾಟಿದೆ. ಆದರೆ ತೊಂದರೆ ಕಂಡ ಮಗು ಆಮೇಲೆ ಯಾರ ಕೈ ಸೇರಬೇಕು ಅನ್ನೋದು ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಏಕೆಂದರೆ ತಪಾಸಣೆ ಮತ್ತು ಆಮೇಲಿನ ಆರೈಕೆ, ಎರಡೂ ಬೇರೆ ಬೇರೆ ಕಡೆ ಹುಟ್ಟಿ ಬೆಳೆದವು. ಅಂಗವಿಕಲ ಮಕ್ಕಳ ಆರೈಕೆಗೆ ಒಕ್ಕೂಟ ಸರ್ಕಾರದ ಹಣ ಸಿಕ್ಕಿದ್ದು 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ, ಆಗ ಇಂಥ ತಪಾಸಣೆಯೇ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರೀ ಎಂಬ ವಿಜ್ಞಾನಿ, ಕಾಗದದ ಮೇಲೆ ಒಣಗಿಸಿದ ರಕ್ತದಲ್ಲೇ ಪಿಕೆಯು ಎಂಬ ಹುಟ್ಟುಕಾಯಿಲೆ ಪತ್ತೆ ಮಾಡುವ ದಾರಿ ಕಂಡುಕೊಂಡರು. ಈ ಮಕ್ಕಳ ದೇಹಕ್ಕೆ ಪ್ರೋಟೀನಿನಲ್ಲಿರುವ ಫಿನೈಲ್‌ಅಲನಿನ್ ಅನ್ನು ಸರಿಯಾಗಿ ಅರಗಿಸಲು ಆಗುವುದಿಲ್ಲ, ಅದು ತುಂಬಿಕೊಂಡು ಮಿದುಳಿಗೆ ಏಟು ಬೀಳುತ್ತದೆ. ಬೇಗ ಗೊತ್ತಾದರೆ ಪಥ್ಯದಿಂದಲೇ ತಡೆಯಬಹುದು. ಗಥ್ರೀ ಅವರ ಮಗನಿಗೂ ಬೌದ್ಧಿಕ ಬೆಳವಣಿಗೆಯ ತೊಂದರೆ ಇತ್ತು, ಹಾಗಾಗಿ ಅವರಿಗೆ ಇದು ಬರೀ ಲ್ಯಾಬಿನ ಕೆಲಸ ಆಗಿರಲಿಲ್ಲ ಅಂತ ನನಗನ್ನಿಸುತ್ತದೆ.

ಮುಂದೆ 1986ರಲ್ಲಿ ಎರಡು ಸಂಗತಿ ನಡೆದವು. ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆಯ ಪುಟ್ಟ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ಒಂದು ಬಗೆಯ ಗಂಭೀರ ಸೋಂಕು 84% ಕಡಿಮೆಯಾಗುತ್ತದೆ ಎಂದು ಪ್ರಯೋಗವೊಂದು ತೋರಿಸಿತು. ಅಂದರೆ ಮಗುವನ್ನು ಉಳಿಸಿದ್ದು ರಿಪೋರ್ಟ್ ಅಲ್ಲ, ಅದರ ಬೆನ್ನಿಗೇ ತಲುಪಿದ ಔಷಧಿ, ಅಲ್ವಾ? ಅದೇ ವರ್ಷ ಹುಟ್ಟಿನಿಂದ 3 ವರ್ಷದೊಳಗಿನ ವಿಶೇಷ ಅಗತ್ಯದ ಮಕ್ಕಳಿಗೆ ಅರ್ಲಿ ಇಂಟರ್‌ವೆನ್ಷನ್, ಅಂದರೆ ಬೆಳವಣಿಗೆಗೆ ಬೇಗನೆ ನೆರವಾಗುವ, ಸೇವೆ ಕೊಡುವ ಕಾನೂನು ಬಂತು. ಯಾವ ಇಲಾಖೆ ನಡೆಸಬೇಕು ಅನ್ನೋದನ್ನು ಆಯಾ ರಾಜ್ಯಕ್ಕೇ ಬಿಟ್ಟರು. ಎಷ್ಟೋ ಕಡೆ ತಪಾಸಣೆ ಒಂದು ಇಲಾಖೆಯಲ್ಲಿ, ಸೇವೆ ಇನ್ನೊಂದರಲ್ಲಿ ಉಳಿಯಿತು.

ಇದರ ಪೆಟ್ಟು ಜಾಸ್ತಿ ಬಿದ್ದಿದ್ದು ಶ್ರವಣ ತಪಾಸಣೆಗೆ, ಅಂದರೆ ಹುಟ್ಟಿದ ಮಗುವಿಗೆ ಕಿವಿ ಕೇಳುತ್ತದೆಯೇ ಎಂದು ನೋಡುವ ಪರೀಕ್ಷೆಗೆ. ಅಲ್ಲಿ ಗುರಿ 1-3-6: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರರೊಳಗೆ ರೋಗನಿರ್ಣಯ, ಆರರೊಳಗೆ ಸೇವೆ ಶುರು. ಮೊದಲನೆಯದು ಬಹುತೇಕ ಆಸ್ಪತ್ರೆಯಲ್ಲೇ ಮುಗಿಯುತ್ತದೆ. ಮನೆಗೆ ಹೋದ ಮೇಲೆ ಮಕ್ಕಳು ತಪ್ಪಿಹೋಗುತ್ತಾರೆ. ಇನ್ನೂ ಬೇಸರದ ಮಾತೆಂದರೆ, ಮಗುವಿಗೆ ಸೇವೆ ಸಿಗುತ್ತಿದ್ದರೂ ಅದು ತಪಾಸಣೆಯವರಿಗೆ ತಿಳಿಯದೆ ಹೋಗಬಹುದು. ಸೇವೆಯ ದಾಖಲೆಗಳಿಗೆ ಶಾಲಾ ದಾಖಲೆಗಳಿಗಿರುವ ಶಿಕ್ಷಣದ ಗೋಪ್ಯತೆ ನಿಯಮವೇ ಅನ್ವಯಿಸುತ್ತದೆ, ಪೋಷಕರ ಒಪ್ಪಿಗೆ ಇಲ್ಲದೆ ಸಾಮಾನ್ಯವಾಗಿ ಹೇಳುವಂತಿಲ್ಲ.

ಗೋಪ್ಯತೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರೋಗನಿರ್ಣಯ ಹೇಳುವ ದಿನವೇ, ಕಂಗಾಲಾಗಿರುವ ಅಪ್ಪ ಅಮ್ಮನ ಜೊತೆ ಯಾರಾದರೂ ಕೂತು, ಒಪ್ಪಿಗೆ ಪತ್ರ ವಿವರಿಸಿ, ಸೇವೆಯವರಿಗೆ ಅಲ್ಲಿಂದಲೇ ಫೋನ್ ಮಾಡಿ ಮೊದಲ ಭೇಟಿಯ ದಿನ ಗೊತ್ತು ಮಾಡಿಕೊಡಬಹುದು. ಸುಮ್ನೆ ಒಂದು ನಂಬರ್ ಬರೆದುಕೊಟ್ಟು ಕಳಿಸಬಾರದು.