ಬೇಕಾದಷ್ಟು ಬೆಳೆಯದ ವಾದ್ಯ: ವಯೋಲಾ

ಪಾಶ್ಚಾತ್ಯ ವಾದ್ಯಗೋಷ್ಠಿಯ ಯಾವುದಾದರೂ ವಿಡಿಯೊ ಹಾಕಿಕೊಂಡು ನೋಡಿ. ಸಾಲಾಗಿ ಕುಳಿತ ಪಿಟೀಲುಗಾರರು ಮೊದಲು ಕಣ್ಣಿಗೆ ಬೀಳುತ್ತಾರೆ. ಕಾಲುಗಳ ನಡುವೆ ಚೆಲ್ಲೊ ಇಟ್ಟುಕೊಂಡವರೂ ಆಳೆತ್ತರದ ಡಬಲ್ ಬಾಸ್ ಹಿಡಿದವರೂ ದೂರದಿಂದಲೇ ಗುರುತು ಸಿಗುತ್ತಾರೆ. ಇವರ ಮಧ್ಯೆ, ಪಿಟೀಲಿನದೇ ಆಕಾರದ ಆದರೆ ಕೊಂಚ ಮೈದುಂಬಿದ ವಾದ್ಯವನ್ನು ಗದ್ದದಡಿ ಇಟ್ಟುಕೊಂಡ ಒಂದು ಗುಂಪು ಇರುತ್ತದಲ್ಲ, ಅವರ ಕೈಯಲ್ಲಿರುವುದು ವಯೋಲಾ. ‘ಸ್ವಲ್ಪ ದೊಡ್ಡ ಪಿಟೀಲು’ ಎಂದು ಹೇಳಿ ಮುಗಿಸುವುದು ವಾಡಿಕೆ. ಆ ಮಾತು ಸುಳ್ಳಲ್ಲ. ಆದರೆ ವಯೋಲಾದ ಗುಟ್ಟೆಲ್ಲ ಇರುವುದು ಅದು ಎಷ್ಟು ದೊಡ್ಡದು ಎಂಬುದರಲ್ಲಲ್ಲ, ಇರಬೇಕಾದದ್ದಕ್ಕಿಂತ ಎಷ್ಟು ಚಿಕ್ಕದು ಎಂಬುದರಲ್ಲಿ.

ಮೊದಲು ತಂತಿಗಳ ಲೆಕ್ಕ. ವಯಲಿನ್ನಿನ ನಾಲ್ಕು ತಂತಿಗಳು ತಗ್ಗಿನಿಂದ ಮೇಲಕ್ಕೆ ಜಿ, ಡಿ, ಎ, ಇ. ಅಕ್ಕಪಕ್ಕದ ಯಾವ ಎರಡು ತಂತಿಗಳ ನಡುವೆಯೂ ಇರುವುದು ಷಡ್ಜ–ಪಂಚಮದ ಅಂತರ. ವಯೋಲಾದ ತಂತಿಗಳು ಸಿ, ಜಿ, ಡಿ, ಎ. ಅಂದರೆ ಮೂರು ತಂತಿಗಳ ಶ್ರುತಿ ಎರಡರಲ್ಲೂ ಒಂದೇ. ಮೇಲಿನ ಇ ಹೋಗಿ, ಕೆಳಗೆ ಸಿ ಬಂದಿದೆ. ವಯಲಿನ್ನಿನ ಅತ್ಯಂತ ತಗ್ಗಿನ ತಂತಿ ಸೆಕೆಂಡಿಗೆ 196 ಸಲ ಕಂಪಿಸಿದರೆ ವಯೋಲಾದ ಸಿ ತಂತಿ ಸುಮಾರು 131 ಸಲ ಕಂಪಿಸುತ್ತದೆ. ಚೆಲ್ಲೊ ತಂತಿಗಳ ಹೆಸರೂ ಸಿ, ಜಿ, ಡಿ, ಎ ಎಂದೇ, ಆದರೆ ವಯೋಲಾಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಡಬಲ್ ಬಾಸ್ ಮಾತ್ರ ಸಂಸಾರದಲ್ಲಿ ಬೇರೆ ದಾರಿ ಹಿಡಿದದ್ದು. ಅದರ ತಂತಿಗಳ ನಡುವಿನ ಅಂತರ ಪಂಚಮವಲ್ಲ, ಮಧ್ಯಮ.

ಇನ್ನು ಗಾತ್ರ. ವಯಲಿನ್ನಿನ ಒಡಲಿನ ಉದ್ದ ಸುಮಾರು 35.5 ಸೆಂಟಿಮೀಟರ್. ಎಲ್ಲ ಕುಶಲಕರ್ಮಿಗಳೂ ಹೆಚ್ಚುಕಡಿಮೆ ಇದೇ ಅಳತೆಗೆ ಕಟ್ಟುತ್ತಾರೆ. ಶ್ರುತಿ ಒಂದು ಪಂಚಮದಷ್ಟು ಇಳಿದರೆ, ಅದೇ ತೂಕದ ನಾದ ಬರಲು ಒಡಲು ಒಂದೂವರೆ ಪಟ್ಟು, ಎಂದರೆ 53 ಸೆಂಟಿಮೀಟರ್ ಇರಬೇಕು. ಅಷ್ಟು ಉದ್ದದ್ದನ್ನು ಗದ್ದದಡಿ ಇಟ್ಟು ಎಡಗೈ ಚಾಚಿ ನುಡಿಸುವ ತೋಳು ಯಾರಿಗಿದೆ? ಹಾಗಾಗಿ ವಯೋಲಾ 38ರಿಂದ 43 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಅದಕ್ಕೆ ನಿಗದಿತ ಅಳತೆಯೂ ಇಲ್ಲ. ವಾದಕರು ತಮ್ಮ ಕೈಯ ಅಳವಿಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತಾರೆ. ದರ್ಜಿ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ.

ಈ ರಾಜಿಯ ಫಲ ನೇರವಾಗಿ ಕಿವಿಗೆ ಬೀಳುತ್ತದೆ. ಒಡಲು ಚಿಕ್ಕದಾದ್ದರಿಂದ ಒಳಗಿನ ಗಾಳಿಯ ಅನುರಣನ ತಂತಿಗಳಿಗೆ ಬೇಕಾದದ್ದಕ್ಕಿಂತ ಮೇಲಿನ ಶ್ರುತಿಯಲ್ಲಿ ಉಳಿಯುತ್ತದೆ. ತಗ್ಗಿನ ಸ್ವರಗಳ ಮೂಲನಾದಕ್ಕೆ ಸಾಕಷ್ಟು ಆಸರೆ ಸಿಗದೆ ಅದರ ಜೊತೆಗೇ ಮೇಲೆ ಮೂಡುವ ಉಪಸ್ವರಗಳೇ ಮುಂದಾಗುತ್ತವೆ. ಸಿ ತಂತಿಯ ಆ ತುಸು ಮೂಗಿನ, ಹೊಗೆ ಹಿಡಿದಂಥ, ಗಂಭೀರ ದನಿ ಹುಟ್ಟುವುದು ಇಲ್ಲಿಂದ. ಲೆಕ್ಕದ ಪ್ರಕಾರ ಇದು ಕೊರತೆ. ನನಗಂತೂ ಇಡೀ ತಂತಿವಾದ್ಯ ಸಂಸಾರದಲ್ಲಿ ಇಷ್ಟು ಮನುಷ್ಯಕಂಠಕ್ಕೆ ಹತ್ತಿರವಾದ ಸ್ವರ ಇನ್ನೊಂದಿಲ್ಲ ಅನ್ನಿಸುತ್ತದೆ.

ಈ ಕೊರತೆಯನ್ನು ತುಂಬಲು ಹೊರಟವರೂ ಇದ್ದಾರೆ. 1690ರಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿ ಮೆಡಿಚಿ ಮನೆತನಕ್ಕೆ ಕಟ್ಟಿಕೊಟ್ಟ ಟೆನರ್ ವಯೋಲಾ 48 ಸೆಂಟಿಮೀಟರಿನ ಹತ್ತಿರವಿದೆ. ಅದು ಈಗ ಫ್ಲಾರೆನ್ಸಿನ ಅಕಾಡೆಮಿಯಾ ಸಂಗ್ರಹಾಲಯದಲ್ಲಿದೆ. ಆ ಕಾಲದ ಅನೇಕ ದೊಡ್ಡ ವಯೋಲಾಗಳನ್ನು ಮುಂದಿನವರು ಅಂಚು ಕೊಯ್ದು ಚಿಕ್ಕದು ಮಾಡಿಬಿಟ್ಟರು. ಇದು ಹಾಗೆಯೇ ಉಳಿದದ್ದು ಪುಣ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹರ್ಮನ್ ರಿಟರ್ ಅಷ್ಟೇ ಉದ್ದದ ‘ವಯೋಲಾ ಆಲ್ಟಾ’ವನ್ನು ಪ್ರಚಾರಕ್ಕೆ ತಂದರು. ಸಂಯೋಜಕ ವಾಗ್ನರ್ ಮೆಚ್ಚಿದರು, ವಾದಕರ ಭುಜಗಳು ಮೆಚ್ಚಲಿಲ್ಲ. ಕೊನೆಗೆ ಅಮೆರಿಕದ ಕಾರ್ಲೀನ್ ಹಚಿನ್ಸ್ ಗದ್ದದ ಗೊಡವೆಯನ್ನೇ ಬಿಟ್ಟು, ಚೆಲ್ಲೊದಂತೆ ನೆಟ್ಟಗೆ ನಿಲ್ಲಿಸಿ ನುಡಿಸುವ ವಾದ್ಯ ಕಟ್ಟಿದರು. ಹಂಗೇರಿಯ ಸಂಯೋಜಕ ಬಾರ್ಟಾಕ್‌ನ ವಯೋಲಾ ಕಾನ್ಚೆರ್ಟೊವನ್ನು (ವಾದ್ಯಗೋಷ್ಠಿಯ ಜೊತೆ ಒಂದು ವಾದ್ಯ ಮುಂದಾಳಾಗಿ ನುಡಿಯುವ ಕೃತಿ) ಚೆಲ್ಲೊ ವಾದಕ ಯೋ-ಯೋ ಮಾ ಇಂಥ ವಾದ್ಯದಲ್ಲೇ ಧ್ವನಿಮುದ್ರಿಸಿದ್ದಾರೆ. ಚೆಲ್ಲೊ ವಾದಕನಿಗೆ ಅದು ಸಲೀಸು. ವಯೋಲಾ ವಾದಕರು ಮಾತ್ರ ಗದ್ದ ಬಿಟ್ಟು ಕದಲಲಿಲ್ಲ.

ಕೈಗೆ ತೆಗೆದುಕೊಂಡರೆ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ವಯಲಿನ್ ಕಮಾನು 60 ಗ್ರಾಮಿನ ಸುತ್ತಮುತ್ತ ಇದ್ದರೆ ವಯೋಲಾದ್ದು 70 ಗ್ರಾಮಿನಷ್ಟು. ಬೆರಳಿನ ಬಳಿ ಕೂದಲನ್ನು ಬಿಗಿಹಿಡಿಯುವ ಕಪ್ಪು ಮರದ ತುಂಡಿನ ಮೂಲೆ ವಯಲಿನ್ ಕಮಾನಿನಲ್ಲಿ ಚೌಕ, ವಯೋಲಾ ಕಮಾನಿನಲ್ಲಿ ಸಾಮಾನ್ಯವಾಗಿ ದುಂಡಗೆ. ತಂತಿಗಳು ದಪ್ಪ. ಕಮಾನು ತಾಕಿದ ತಕ್ಷಣ ಸ್ವರ ಹಾರಿ ಬರುವುದಿಲ್ಲ, ತೋಳಿನ ಭಾರ ಹಾಕಿ ಎಳೆದು ಹೊರಡಿಸಬೇಕು. ಎಡಗೈ ಬೆರಳುಗಳು ಹೆಚ್ಚು ಅಗಲಿಸಬೇಕು. ಓದುವುದೂ ಬೇರೆ: ಮಧ್ಯದ ಸಿ ಸ್ವರವನ್ನು ಐದು ಗೆರೆಗಳ ನಟ್ಟನಡುವಿನ ಗೆರೆಯ ಮೇಲೆ ಕೂರಿಸುವ ‘ಆಲ್ಟೊ ಕ್ಲೆಫ್’ ಎಂಬ ಸ್ವರಲಿಪಿಯ ಗುರುತು ಇಂದಿಗೂ ಮುಖ್ಯವಾಗಿ ವಯೋಲಾಕ್ಕಾಗಿಯೇ ಬಳಕೆಯಲ್ಲಿದೆ. ಪಿಟೀಲು ಬಿಟ್ಟು ಇದಕ್ಕೆ ಬಂದವರು ಮೊದಮೊದಲು ತಡವರಿಸುವುದು ಇಲ್ಲೇ.

ಹೆಸರಿನ ಗೊಂದಲವೊಂದನ್ನು ಬಿಡಿಸಿಬಿಡೋಣ. ಹಳೆಯ ಇಟಲಿಯಲ್ಲಿ ‘ವಯೋಲಾ’ ಎಂದರೆ ಕಮಾನಿನಿಂದ ನುಡಿಸುವ ವಾದ್ಯಗಳ ಇಡೀ ಬಳಗ. ವಯಲಿನ್ ಎಂಬುದೇ ‘ಚಿಕ್ಕ ವಯೋಲಾ’ ಎಂಬರ್ಥದ ಪದ. ಹಾಗಾಗಿ ವಯೋಲಾ ಡ ಗಾಂಬಾ ಎಂಬ ಹೆಸರು ಕಂಡರೆ ಇದೇ ಎಂದು ತಿಳಿಯಬೇಡಿ. ಅದು ಕಾಲುಗಳ ನಡುವೆ ಹಿಡಿಯುವ, ಬೆರಳುಹಲಗೆಯ ಮೇಲೆ ಮೆಟ್ಟಿಲುಗಳಿರುವ, ಸಾಮಾನ್ಯವಾಗಿ ಆರು ತಂತಿಯ ಬೇರೆ ಸಂಸಾರ. ವಯೋಲಾ ದಾಮೋರೆ ಎಂಬ ಇನ್ನೊಂದು ಹಳೆಯ ವಾದ್ಯಕ್ಕೆ ನುಡಿಸುವ ತಂತಿಗಳ ಕೆಳಗೆ, ಸಾರಂಗಿಯ ತರಬ್‌ನಂತೆ ತಾವಾಗಿ ಮಿಡಿಯುವ ತಂತಿಗಳೂ ಇರುತ್ತವೆ.

ವಾದ್ಯಗೋಷ್ಠಿಯಲ್ಲಿ ವಯೋಲಾದ ಪಾಲು ಬಹುಕಾಲ ನಡುಮನೆಯದು: ರಾಗ ಪಿಟೀಲಿಗೆ, ತಳಹದಿ ಚೆಲ್ಲೊಗೆ, ಮಧ್ಯದ ತುಂಬುವಿಕೆ ಇದಕ್ಕೆ. ವಾದಕರನ್ನು ಗೇಲಿ ಮಾಡುವ ಜೋಕುಗಳಿಗಂತೂ ಲೆಕ್ಕವಿಲ್ಲ. ಆದರೆ ಜರ್ಮನ್ ಸಂಯೋಜಕ ಬಾಖ್ ಗೋಷ್ಠಿಗಳಲ್ಲಿ ತಾವೇ ವಯೋಲಾ ಹಿಡಿಯಲು ಇಷ್ಟಪಡುತ್ತಿದ್ದರೆಂದು ಅವರ ಮಗ ಬರೆದಿಟ್ಟಿದ್ದಾರೆ. ಬಾಖ್ ಅವರ ಆರನೆಯ ಬ್ರಾಂಡೆನ್‌ಬುರ್ಗ್ ಕಾನ್ಚೆರ್ಟೊದಲ್ಲಿ ಪಿಟೀಲುಗಳೇ ಇಲ್ಲ, ಎರಡು ವಯೋಲಾಗಳದ್ದೇ ಮೇಲುಗೈ. ಮೊಜಾರ್ಟ್ 1779ರ ಸಿಂಫೋನಿಯಾ ಕಾನ್ಚೆರ್ಟಾಂಟೆ ಎಂಬ, ಪಿಟೀಲು ಮತ್ತು ವಯೋಲಾ ಎರಡೂ ಮುಂದಾಳಾದ ಕೃತಿಯಲ್ಲಿ ಪಿಟೀಲಿನ ಎದುರು ವಯೋಲಾ ಮಂಕಾಗಬಾರದೆಂದು ಒಂದು ಉಪಾಯ ಹೂಡಿದರು: ಅದರ ತಂತಿಗಳನ್ನಷ್ಟೇ ಅರ್ಧ ಸ್ವರ ಏರಿಸಿ ಬಿಗಿಯಲು ಹೇಳಿದರು. ಬಿಗಿ ಹೆಚ್ಚಿತು, ದನಿ ಹೊಳೆಯಿತು.

ನಮ್ಮ ಕಛೇರಿಗಳಲ್ಲಿ ಪಿಟೀಲಿನದೇ ರಾಜ್ಯಭಾರ. ಹಾಡುಗಾರರ ಶ್ರುತಿಗೆ ತಂತಿಗಳನ್ನು ತಗ್ಗಿಸಿಕೊಳ್ಳುವುದು ಇಲ್ಲಿ ಮಾಮೂಲು. ಮೈಸೂರು ಟಿ. ಚೌಡಯ್ಯನವರು ನಾದದ ತುಂಬುತನಕ್ಕಾಗಿ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನೇ ಮಾಡಿಕೊಂಡರು. ವಯೋಲಾವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಗಾಯಕ ಎಂ. ಬಾಲಮುರಳಿಕೃಷ್ಣ ಮುಖ್ಯರು.

ಅಂಗಡಿಯಲ್ಲಿ ಐದು ತಂತಿಯ ವಯಲಿನ್ ಕಂಡರೆ ಅದರಲ್ಲಿ ಸಿ ತಂತಿಯೂ ಇರುತ್ತದೆ, ಇ ತಂತಿಯೂ ಇರುತ್ತದೆ. ಹಾಗೆಂದು ಅದು ವಯೋಲಾ ಆಗುವುದಿಲ್ಲ, ಒಡಲು ಹೆಚ್ಚಾಗಿ ವಯಲಿನ್ನಿನದೇ. ಮಕ್ಕಳಿಗೆ ಮಾತ್ರ ಚಿಕ್ಕ ವಯಲಿನ್ನಿಗೇ ವಯೋಲಾ ತಂತಿ ಬಿಗಿದು ಕಲಿಸುವುದುಂಟು.