ಕೆಳಗಿನ ಸೆಟ್ ಯಾಕೆ ನಿಲ್ಲಲ್ಲ? ಹಲ್ಲು ಕಟ್ಟಿಸ್ಕೊಳ್ಳೋರಿಗೂ ಅವರ ಮನೆಯೋರಿಗೂ ಒಂದಿಷ್ಟು ಮಾತು

ನಮ್ಮ ಕ್ಲಿನಿಕ್ಕಿಗೆ ಬರೋ ವಯಸ್ಸಾದೋರಲ್ಲಿ ಎಷ್ಟೋ ಜನ ಹಲ್ಲಿನ ಸೆಟ್ಟನ್ನ ಬಾಯಲ್ಲಿ ಹಾಕ್ಕೊಂಡು ಬರಲ್ಲ, ಕರ್ಚೀಫಲ್ಲಿ ಸುತ್ತಿ ತರ್ತಾರೆ. ಜೊತೇಲಿ ಬಂದ ಮಗನೋ ಸೊಸೆನೋ ಮೊದಲು ಹೇಳೋದು ಒಂದೇ ಮಾತು, "ಅಷ್ಟು ದುಡ್ಡು ಕೊಟ್ಟು ಮಾಡ್ಸಿದ್ವಿ ಡಾಕ್ಟ್ರೇ, ಇವ್ರು ಹಾಕ್ಕೊಳ್ಳೋದೇ ಇಲ್ಲ, ಡಬ್ಬೀಲಿ ಇಟ್ಬಿಟ್ಟಿದಾರೆ." ಆ ಹಿರಿಯರು ಏನೂ ಮಾತಾಡಲ್ಲ, ತಲೆ ತಗ್ಗಿಸ್ಕೊಂಡು ಕೂತಿರ್ತಾರೆ. ಬಾಯಿ ತೆಗೆಸಿ ನೋಡಿದ್ರೆ ಹೆಚ್ಚಿನ ಸಲ ತಪ್ಪು ಅವರದ್ದಲ್ಲ, ಸೆಟ್ ಸರಿಯಾಗಿ ಕೂರ್ತಾ ಇಲ್ಲ, ಅದರಲ್ಲೂ ಕೆಳಗಿನದ್ದು.

ಮೇಲಿನ ಸೆಟ್ ಅಂಗುಳ ಪೂರ್ತಿ ಮುಚ್ಚುತ್ತೆ. ಸೆಟ್ಟಿಗೂ ಅಂಗುಳಕ್ಕೂ ಮಧ್ಯೆ ಜೊಲ್ಲಿನ ತೆಳು ಪದರ ಇರುತ್ತೆ, ಸುತ್ತಲೂ ಅಂಚು ಸರಿಯಾಗಿ ಕೂತ್ರೆ ಗಾಳಿ ಒಳಗೆ ಹೋಗಲ್ಲ, ಅದಕ್ಕೇ ಅದು ಹಿಡ್ಕೊಳ್ಳುತ್ತೆ. ಕೆಳಗೆ ಮಧ್ಯದಲ್ಲಿ ನಾಲಿಗೆ ಇದೆ, ಹಾಗಾಗಿ ಕುದುರೆ ಲಾಳದ ಆಕಾರದಲ್ಲಿ ಸಣ್ಣ ಪಟ್ಟಿ ಥರ ಮಾತ್ರ ಮಾಡೋಕಾಗೋದು, ಸಿಗೋ ಜಾಗ ಮೇಲಿನದಕ್ಕೆ ಹೋಲಿಸಿದ್ರೆ ಹೆಚ್ಚುಕಮ್ಮಿ ಅರ್ಧ ಅಷ್ಟೆ. ಅದರ ಮೇಲೆ ನಾಲಿಗೆ ಒಂದು ಕಡೆಯಿಂದ ತಳ್ಳುತ್ತೆ, ಕೆನ್ನೆ ತುಟಿ ಇನ್ನೊಂದು ಕಡೆಯಿಂದ. ಜೊತೆಗೆ ಇನ್ನೊಂದು ವಿಷಯ ಇದೆ, ಇದನ್ನ ಸೆಟ್ ಮಾಡೋ ದಿನವೇ ಎಲ್ಲಾರಿಗೂ ಹೇಳ್ಬೇಕು, ಆದ್ರೆ ಹೇಳೋರು ಕಡಿಮೆ. ಹಲ್ಲು ಹೋದ ಮೇಲೆ ಅದನ್ನ ಹಿಡ್ಕೊಂಡಿದ್ದ ಮೂಳೆಗೆ ಕೆಲಸ ಇರಲ್ಲ, ಅದು ಸವೆಯೋಕೆ ಶುರುವಾಗುತ್ತೆ, ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದ್ರೆ ನಿಲ್ಲಲ್ಲ. ಟಾಲ್‌ಗ್ರೆನ್ ಅನ್ನೋ ಸಂಶೋಧಕಿ ಸೆಟ್ ಹಾಕ್ಕೊಂಡವರನ್ನ 25 ವರ್ಷ ಗಮನಿಸಿ 1972ರಲ್ಲಿ ಬರೆದಿದ್ದು ಇವತ್ತಿಗೂ ನಾವು ಓದೋ ಪಾಠ, ಕೆಳಗಿನ ದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತೆ ಅಂತ. ಸೆಟ್ ಹಾಗೇ ಇರುತ್ತೆ, ಬಾಯಿ ಬದಲಾಗ್ತಾ ಹೋಗುತ್ತೆ. ಐದಾರು ವರ್ಷದ ಹಿಂದೆ ಗಟ್ಟಿಯಾಗಿ ಕೂರ್ತಿದ್ದ ಸೆಟ್ ಇವತ್ತು ಅಲ್ಲಾಡುತ್ತೆ ಅಂದ್ರೆ ಕಾರಣ ಇದೇನೇ, ಅದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ, ತಿರುಗಿ ಬಂದು ತೋರಿಸ್ಬೇಕು ಅಷ್ಟೆ.

ಅಲ್ಲಾಡೋ ಸೆಟ್ಟಿಗೆ ಎಲ್ಲಾ ಸಲ ಹೊಸದೇ ಮಾಡಿಸ್ಬೇಕು ಅಂತಿಲ್ಲ. ಹಲ್ಲು ಸವೆದಿಲ್ಲ, ಒಳಭಾಗ ಮಾತ್ರ ವಸಡಿಗೆ ಕೂರ್ತಿಲ್ಲ ಅಂದ್ರೆ ಒಳಗಡೆ ಹೊಸ ಪದರ ಹಾಕಿ ಕೂರಿಸ್ತೀವಿ, ರೀಲೈನಿಂಗ್ ಅಂತೀವಿ, ಖರ್ಚೂ ಕಡಿಮೆ. ಹಲ್ಲೇ ಸವೆದು ಮುಖದ ಕೆಳಭಾಗ ಕುಗ್ಗಿ, ಗದ್ದ ಮೂಗಿನ ಹತ್ರ ಬಂದಂಗಾಗಿ, ಬಾಯಿ ಮೂಲೆಯಲ್ಲಿ ಒಡೆದು ಹುಣ್ಣಾಗ್ತಿದ್ರೆ ಆಗ ಹೊಸ ಸೆಟ್ಟೇ ಬೇಕು.

ಹೊಸದಾಗಿ ಮಾಡಿಸೋರಿಗೆ: ಹಲ್ಲು ಕೀಳಿಸಿದ ಮೇಲೆ ಗಾಯ ಮಾಯೋಕೆ ಆರೆಂಟು ವಾರನಾದ್ರೂ ಬೇಕು. ಮದುವೆ ಇದೆ, ಫೋಟೋ ಇದೆ ಅಂತ ಅರ್ಜೆಂಟ್ ಮಾಡೋರಿಗೆ ಕೀಳಿಸಿದ ದಿನವೇ ಹಾಕೋ ಸೆಟ್ ಕೂಡ ಇದೆ, ಆದ್ರೆ ಊತ ಇಳಿದು ಮೂಳೆ ಸವೆದ ಹಾಗೆ ಅದು ಬೇಗ ಸಡಿಲ ಆಗುತ್ತೆ, ಮತ್ತೆ ರೀಲೈನ್ ಮಾಡಿಸೋದು ಗ್ಯಾರಂಟಿ ಅಂತ ತಿಳ್ಕೊಂಡೇ ಮಾಡಿಸ್ಬೇಕು. ಮಾಮೂಲಿ ಸೆಟ್ಟಿಗೆ ನಾಲ್ಕೈದು ಸಲ ಬರ್ಬೇಕಾಗುತ್ತೆ, ಎರಡು ಸಲ ಅಳತೆ, ಒಂದು ಸಲ ಮೇಣದ ಮೇಲೆ ಕಚ್ಚಿಸಿ ಎತ್ತರ ನೋಡೋದು, ಆಮೇಲೆ ಟ್ರಯಲ್. ಈ ಟ್ರಯಲ್ ದಿನ ಮನೆಯೋರು ಯಾರಾದ್ರೂ ಜೊತೆಗೆ ಬನ್ನಿ ಅಂತ ನಾನು ಕೈಮುಗಿದು ಕೇಳ್ತೀನಿ. ಹಲ್ಲು ಆಗ ಇನ್ನೂ ಮೇಣದಲ್ಲಿ ಇರುತ್ತೆ, ಬಣ್ಣ ಸೈಜ್ ಹಲ್ಲು ಕಾಣೋ ರೀತಿ ಎಲ್ಲಾ ಬದಲಾಯಿಸ್ಬಹುದು, ಆಮೇಲೆ ಆಗಲ್ಲ. ಹಳೇ ಫೋಟೋ ತಂದ್ರೆ ಇನ್ನೂ ಒಳ್ಳೇದು. ಬೆಳ್ಳಗೆ ಮುತ್ತಿನ ಥರ ಬೇಕು ಅಂತ ಎಪ್ಪತ್ತು ವರ್ಷದೋರಿಗೆ ಹಾಕಿಸಿದ್ರೆ ದೂರದಿಂದಲೇ ಕಟ್ಟಿಸಿದ ಹಲ್ಲು ಅಂತ ಗೊತ್ತಾಗುತ್ತೆ, ಸ್ವಲ್ಪ ಹಳದಿ ಛಾಯೆ ಇದ್ರೇನೇ ಮುಖಕ್ಕೆ ಹೊಂದೋದು.

ಕೆಲವು ಹಲ್ಲು ಇನ್ನೂ ಗಟ್ಟಿ ಇದ್ರೆ "ಎಲ್ಲಾ ಕಿತ್ತು ಪೂರ್ತಿ ಸೆಟ್ ಹಾಕಿಬಿಡಿ, ತಾಪತ್ರಯ ಇರಲ್ಲ" ಅನ್ನೋರು ತುಂಬಾ ಜನ. ದಯವಿಟ್ಟು ಬೇಡ. ಕೆಳಗೆ ಎರಡೇ ಗಟ್ಟಿ ಹಲ್ಲು ಉಳಿದಿದ್ರೂ ಅದಕ್ಕೆ ಬೆಲೆ ಇದೆ, ಸೆಟ್ ನಿಲ್ಲುತ್ತೆ, ಸುತ್ತಲಿನ ಮೂಳೆನೂ ಉಳಿಯುತ್ತೆ. ಕೆಳಗೆ ಒಂದೂ ಇಲ್ಲ ಅನ್ನೋರಿಗೆ ಮುಂಭಾಗದಲ್ಲಿ ಎರಡು ಇಂಪ್ಲಾಂಟ್, ಅಂದ್ರೆ ಮೂಳೆಯೊಳಗೆ ಕೂರಿಸೋ ಲೋಹದ ಸ್ಕ್ರೂ, ಹಾಕಿ ಅದಕ್ಕೆ ಬಟನ್ ಥರ ಸೆಟ್ ಕೂರಿಸೋ ವಿಧಾನ ಇದೆ, 2002ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟಿಯಲ್ಲಿ ಸೇರಿದ ತಜ್ಞರು ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗ್ಬೇಕು ಅಂತ ಹೇಳಿದ್ರು. ಖರ್ಚು ಜಾಸ್ತಿ, ಎಲ್ಲರ ಕೈಗೂ ಎಟುಕಲ್ಲ ಅಂತ ಗೊತ್ತು, ಆದ್ರೆ ಎರಡು ಮೂರು ಸೆಟ್ ಮಾಡಿಸಿ ಸೋತಿರೋರು ಒಂದ್ಸಲ ಕೇಳಿ ನೋಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗೇ ಹೇಳ್ತೀನಿ. ಸಂತೆ ಬೀದೀಲಿ ಅರ್ಧ ಗಂಟೇಲಿ "ಫಿಕ್ಸೆಡ್ ಹಲ್ಲು" ಹಾಕಿಕೊಡೋರ ಹತ್ರ ಹೋಗ್ಬೇಡಿ. ಪಕ್ಕದ ಒಳ್ಳೆ ಹಲ್ಲುಗಳಿಗೆ ತಂತಿ ಸುತ್ತಿ ಮೇಲೆ ಅಕ್ರಿಲಿಕ್ ಮೆತ್ತಿಬಿಡ್ತಾರೆ, ತೆಗೆದು ತೊಳೆಯೋ ಹಾಗೇ ಇಲ್ಲ, ಒಳಗೆ ಕೊಳೆತು ಇದ್ದ ಹಲ್ಲೂ ಅಲ್ಲಾಡೋಕೆ ಶುರುವಾಗುತ್ತೆ. ಹಳೇ ಕಾಲದ ಕೆಲವು ಸೆಟ್ಟಲ್ಲಿ ಅಂಗುಳದ ಕಡೆ ರಬ್ಬರ್ ಬಿಲ್ಲೆ ಇರುತ್ತೆ, ಹೀರಿ ಹಿಡ್ಕೊಳ್ಳಲಿ ಅಂತ ಇಟ್ಟಿದ್ದು, ಅದು ವರ್ಷಗಟ್ಟಲೆ ಒತ್ತಿ ಅಂಗುಳವೇ ತೂತಾಗಿ ಕುಡಿದ ನೀರು ಮೂಗಲ್ಲಿ ಬರೋ ಹಾಗಾಗಿರೋದೂ ಇದೆ. ಮನೇಲಿ ಯಾರ ಹತ್ರಾನಾದ್ರೂ ಅಂಥದ್ದಿದ್ರೆ ಇವತ್ತೇ ತೆಗೆಸಿ.

ಹೊಸ ಸೆಟ್ ಹಾಕಿದ ಮೊದಲ ವಾರ ಬಾಯಿ ತುಂಬಾ ಏನೋ ತುರುಕಿದಂಗೆ ಅನ್ಸುತ್ತೆ, ಜೊಲ್ಲು ಸುರಿಯುತ್ತೆ, ಸ, ಶ, ಫ ತೊದಲುತ್ತೆ. ದಿನಾ ಪೇಪರ್ ಜೋರಾಗಿ ಓದಿ, ನಾಲಿಗೆ ಕಲಿಯುತ್ತೆ. ಊಟಕ್ಕೆ ಇಡ್ಲಿ, ಮೆತ್ತಗಿನ ಅನ್ನ ಸಾರಿನಿಂದ ಶುರು ಮಾಡಿ, ಎರಡೂ ಕಡೆ ಒಟ್ಟಿಗೆ ಅಗಿಯಿರಿ, ಒಂದೇ ಕಡೆ ಅಗಿದ್ರೆ ಇನ್ನೊಂದು ಕಡೆ ಎದ್ದು ಬರುತ್ತೆ. ಮುದ್ದೆ ಹೇಗಿದ್ರೂ ನುಂಗೋದು, ಅದರಿಂದ ತೊಂದ್ರೆ ಇಲ್ಲ. ಸೀಬೆಕಾಯಿ, ಜೋಳ ಮುಂದಿನ ಹಲ್ಲಲ್ಲಿ ಕಚ್ಚಬೇಡಿ, ಹೆಚ್ಚಿಕೊಂಡು ಹಿಂದಿನ ಹಲ್ಲಿಗೆ ಕೊಡಿ. ಇನ್ನು ಕಾಫಿ, ಅಂಗುಳ ಮುಚ್ಚಿರೋದ್ರಿಂದ ಬಿಸಿ ಗೊತ್ತಾಗಲ್ಲ, ಗಂಟಲಿಗೆ ಹೋದಾಗಲೇ ಸುಡೋದು, ಹಾಗಾಗಿ ಮೊದಲು ತುಟಿಗೆ ತಾಗಿಸಿ ನೋಡಿ.

ಎಲ್ಲಾದ್ರೂ ಒತ್ತಿ ಹುಣ್ಣಾದ್ರೆ ಬ್ಲೇಡು, ಉಜ್ಜೋ ಕಾಗದ ತಗೊಂಡು ಮನೇಲೇ ಉಜ್ಜೋಕೆ ಹೋಗ್ಬೇಡಿ, ಮುರಿದ್ರೆ ಫೆವಿಕ್ವಿಕ್ ಹಾಕ್ಬೇಡಿ. ನೋವು ಅಂತ ವಾರಗಟ್ಟಲೆ ತೆಗೆದಿಟ್ಟು ಡಾಕ್ಟರ್ ಹತ್ರ ಬಂದ್ರೆ ಹುಣ್ಣು ಮಾಯಾಗಿ ಎಲ್ಲಿ ಒತ್ತುತ್ತೆ ಅಂತಲೇ ನಮಗೆ ಕಾಣಲ್ಲ, ಬರೋ ಹಿಂದಿನ ದಿನ ಸ್ವಲ್ಪ ಹೊತ್ತು ಹಾಕ್ಕೊಂಡೇ ಬನ್ನಿ. ಆದ್ರೆ ಸೆಟ್ ಸರಿ ಮಾಡಿಸಿ ಎರಡು ವಾರ ಆದ್ರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ರೆ, ಎಲೆ ಅಡಿಕೆ ತಂಬಾಕಿನ ಅಭ್ಯಾಸ ಇರೋರಂತೂ, "ಸೆಟ್ಟಿಂದ ಆಗಿರ್ಬೇಕು ಬಿಡು" ಅಂತ ಕೂರ್ಬೇಡಿ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ರಾತ್ರಿ ತೆಗೀಲೇಬೇಕು. ಹಗಲೂ ರಾತ್ರಿ ಹಾಕ್ಕೊಂಡೇ ಇದ್ರೆ ಅಂಗುಳ ಕೆಂಪಗಾಗಿ ಫಂಗಸ್ ಬೆಳೆಯುತ್ತೆ, ಶುಗರ್ ಇರೋರಿಗೆ ಇನ್ನೂ ಬೇಗ. ಜಪಾನಲ್ಲಿ 85 ದಾಟಿದ 524 ಜನರನ್ನ ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಟ್ ಹಾಕ್ಕೊಂಡೇ ಮಲಗೋರಲ್ಲಿ ನ್ಯುಮೋನಿಯಾ ಅಪಾಯ ಸುಮಾರು ಎರಡು ಪಟ್ಟು ಕಂಡುಬಂತು. ತೆಗೆದ ಮೇಲೆ ತಣ್ಣೀರಲ್ಲಿ ಮುಳುಗಿಸಿಡಿ, ಒಣಗೋಕೆ ಬಿಡಬೇಡಿ, ಕುದಿಯೋ ನೀರಂತೂ ಬೇಡವೇ ಬೇಡ, ಆಕಾರ ಕೆಡುತ್ತೆ. ತೊಳೆಯೋಕೆ ಮೆತ್ತನೆ ಬ್ರಷ್ಷು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಹನಿ ಸಾಕು. ಟೂತ್‌ಪೇಸ್ಟಿನ ಒರಟು ಕಣ ಸೆಟ್ಟಲ್ಲಿ ಗೀರು ಮಾಡುತ್ತೆ, ಗೀರಲ್ಲಿ ಕೊಳೆ ಕೂರುತ್ತೆ. ಸಿಂಕಲ್ಲಿ ನೀರು ತುಂಬಿಸಿ ಅದರ ಮೇಲೆ ಹಿಡಿದು ತೊಳೀರಿ, ನಾನು ನೋಡಿದ ಮುರಿದ ಸೆಟ್‌ಗಳಲ್ಲಿ ಬಹುಪಾಲು ಕೈಜಾರಿ ಬಿದ್ದವೇ. ನೀರಲ್ಲಿ ಗುಳ್ಳೆ ಬರಿಸೋ ಮಾತ್ರೆಗಳು ಒಳ್ಳೇವು, ಆದ್ರೆ ನೆನೆಸಿದ್ದನ್ನ ಚೆನ್ನಾಗಿ ತೊಳೆದೇ ಬಾಯಿಗೆ ಹಾಕ್ಕೊಳ್ಳಿ. ಹಾಗೇ ವಸಡು, ನಾಲಿಗೆನೂ ಒದ್ದೆ ಬಟ್ಟೇಲಿ ಒರೆಸಿ, ಹಲ್ಲಿಲ್ಲ ಅಂತ ಬಾಯಿ ಬಿಟ್ಟುಬಿಡಬೇಡಿ. ಸೆಟ್ ಅಂಟಿಸೋ ಪೌಡರ್, ಕ್ರೀಮು ಅಪರೂಪಕ್ಕೆ ಓಕೆ, ಜಿಂಕ್ ಇಲ್ಲದ್ದು ತಗೊಳ್ಳಿ, ಆದ್ರೆ ದಿನಾ ಹೆಚ್ಚೆಚ್ಚು ಹಾಕ್ಬೇಕಾಗಿ ಬಂದ್ರೆ ರೀಲೈನ್ ಮಾಡಿಸೋ ಹೊತ್ತಾಯ್ತು ಅಂತ ಅರ್ಥ.

ಮನೇಲಿ ಯಾರಿಗಾದ್ರೂ ಆಪರೇಷನ್ ಅಂದ್ರೆ ಅನಸ್ತೇಷಿಯಾ ಕೊಡೋ ಮುಂಚೆ ಸೆಟ್ ಇದೆ ಅಂತ ಹೇಳಿ, ಒಂದು ಹಲ್ಲಿನ ಚಿಕ್ಕ ಸೆಟ್ ಆದ್ರೂ ಹೇಳಿ, ಅದು ಜಾರಿ ಉಸಿರಿನ ದಾರಿಗೆ ಹೋಗ್ಬಹುದು. ಆಸ್ಪತ್ರೇಲಿ ಟಿಶ್ಯೂ ಪೇಪರಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ರೆ ಕಸದ ಬುಟ್ಟಿಗೆ ಹೋಗೋದು ತೀರಾ ಸಾಮಾನ್ಯ, ಮುಚ್ಚಳದ ಡಬ್ಬಿ ಮೇಲೆ ಹೆಸರು ಬರೆದಿಡಿ. ಬಿಪಿಎಲ್ ಕಾರ್ಡ್ ಇರೋ ಹಿರಿಯರಿಗೆ ಕರ್ನಾಟಕದಲ್ಲಿ ದಂತಭಾಗ್ಯ ಅಂತ ಉಚಿತ ಸೆಟ್ ಕೊಡೋ ಸರ್ಕಾರಿ ಯೋಜನೆ ಬಂದಿದೆ, ಈಗಿನ ವಯಸ್ಸಿನ ನಿಯಮ, ಬೇಕಾದ ದಾಖಲೆ ಏನು ಅಂತ ಹತ್ತಿರದ ಜಿಲ್ಲಾಸ್ಪತ್ರೆ ಅಥವಾ ಡೆಂಟಲ್ ಕಾಲೇಜಲ್ಲಿ ಕೇಳಿ. ಡಬ್ಬೀಲಿ ಕೂತಿರೋ ಹಳೇ ಸೆಟ್ ಇದ್ರೆ ಅದನ್ನೂ ಜೊತೆಗೆ ತಗೊಂಡೇ ಹೋಗಿ, ಕಚ್ಚೋ ಎತ್ತರ ಎಷ್ಟಿತ್ತು, ಎಲ್ಲಿ ಸವೆದಿದೆ ಅನ್ನೋದು ನೋಡೋ ಡಾಕ್ಟರಿಗೆ ಅದರಿಂದಲೇ ಗೊತ್ತಾಗುತ್ತೆ.