ನಿಮಿಷಕ್ಕೆ 190 ಬಡಿತ: ಕ್ಲೆಮ್ ಬರ್ಕ್ ಬಿಟ್ಟುಹೋದ ಲೆಕ್ಕ

ಅಮೆರಿಕದ ರಾಕ್ ತಂಡ ಬ್ಲಾಂಡಿಯ ಡ್ರಮ್ಮರ್ ಕ್ಲೆಮ್ ಬರ್ಕ್ 2025ರ ಏಪ್ರಿಲ್ 6ರಂದು ತೀರಿಕೊಂಡರು. ವಯಸ್ಸು 70. ಕ್ಯಾನ್ಸರ್ ಇದ್ದದ್ದನ್ನು ಅವರು ಊರಿಗೆಲ್ಲ ಹೇಳಿಕೊಂಡಿರಲಿಲ್ಲ, ಹಾಗಾಗಿ ಅಭಿಮಾನಿಗಳಿಗೆ ಸಾವಿನ ಸುದ್ದಿಯೇ ಕಾಯಿಲೆಯ ಸುದ್ದಿಯೂ ಆಯಿತು. ಅವರು ಬರೀ ಡ್ರಮ್ಮರ್ ಅಲ್ಲ, ಬ್ಲಾಂಡಿಯ ಎದೆಬಡಿತ ಎಂದು ತಂಡದವರು ಬರೆದರು. ಇಂಥ ಮಾತನ್ನು ಯಾವ ಡ್ರಮ್ಮರ್ ಸತ್ತಾಗಲೂ ಬರೆಯಬಹುದು. ಆದರೆ ಬರ್ಕ್ ಎದೆ ನಿಜಕ್ಕೂ ಎಷ್ಟು ಬಡಿಯುತ್ತಿತ್ತು ಎಂಬ ಲೆಕ್ಕ ಇಂಗ್ಲೆಂಡಿನ ಎರಡು ವಿಶ್ವವಿದ್ಯಾಲಯಗಳ ಕಡತದಲ್ಲಿದೆ.

ಅಲ್ಲಿಗೆ ಹೋಗುವ ಮೊದಲು ಮನುಷ್ಯ ಯಾರು ಅಂತ ನೋಡಬೇಕು. ನ್ಯೂಜೆರ್ಸಿಯ ಬೆಯೋನ್ ಎಂಬ ಬಂದರು ಊರಿನ ಹುಡುಗ. ಊರಿನ ಡ್ರಮ್-ಬ್ಯೂಗಲ್ ಮೆರವಣಿಗೆ ತಂಡದಲ್ಲಿ ಕೈ ಪಳಗಿಸಿಕೊಂಡವರು. ಬ್ರಿಟನ್ನಿನ ದಿ ಹೂ ತಂಡದ ಡ್ರಮ್ಮರ್ ಕೀತ್ ಮೂನ್ ಅಂದರೆ ಅವರಿಗೆ ದೇವರು. 1975ರಲ್ಲಿ ಡೆಬಿ ಹ್ಯಾರಿ, ಕ್ರಿಸ್ ಸ್ಟೈನ್ ಕಟ್ಟಿದ್ದ ಬ್ಲಾಂಡಿ ಸೇರಿದರು. ನ್ಯೂಯಾರ್ಕಿನ ಸಿಬಿಜಿಬಿ ಎಂಬ ಕೊಳಕು ಕ್ಲಬ್ಬಿನಲ್ಲಿ ನುಡಿಸುತ್ತಿದ್ದ ಆ ತಂಡ ಮೂರು-ನಾಲ್ಕು ವರ್ಷದಲ್ಲಿ ಜಗತ್ತಿನ ಜನಪ್ರಿಯ ಹಾಡುಗಳ ಪಟ್ಟಿಗಳ ತುದಿಗೇರಿತು. ವೇದಿಕೆಯಲ್ಲಿ ನೀಟಾದ ಸೂಟು, ಗಾಳಿಗೆ ಎಸೆದು ತಾಳ ತಪ್ಪದೆ ಹಿಡಿಯುವ ಕೋಲು, ಹಿಂದೆ ಕೂತಿದ್ದರೂ ಮುಂದಿನವರಷ್ಟೇ ಕಣ್ಣಿಗೆ ಬೀಳುವ ಠೀವಿ. ಕಛೇರಿ ನೋಡಿದವರು ನೆನೆಯುವುದು ಇದನ್ನು.

ಧ್ವನಿಮುದ್ರಿಕೆಯಲ್ಲಷ್ಟೇ ಕೇಳಿದವರು ನೆನೆಯುವುದು 1979ರ ‘ಡ್ರೀಮಿಂಗ್’ ಹಾಡನ್ನು. ಹಾಡಿನ ಒಂದು ಸಾಲು ಮುಗಿದು ಮುಂದಿನದು ಶುರುವಾಗುವ ಸಂದಿಯಲ್ಲಿ ಡ್ರಮ್ಮರ್ ಉರುಳಿಸುವ ಚಿಕ್ಕ ಅಲಂಕಾರಕ್ಕೆ ಫಿಲ್ ಅನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕು ಸಾಲಿಗೊಂದು, ಎಂಟು ಸಾಲಿಗೊಂದು. ‘ಡ್ರೀಮಿಂಗ್’ನಲ್ಲಿ ಬರ್ಕ್ ಫಿಲ್ ನಿಲ್ಲಿಸುವುದೇ ಇಲ್ಲ. ಹ್ಯಾರಿ ಹಾಡುತ್ತಿದ್ದಾಗಲೂ ಕೆಳಗಿನಿಂದ ಒಂದರ ಮೇಲೊಂದು ಉರುಳಿಬರುತ್ತಲೇ ಇರುತ್ತವೆ. ಅದೊಂದು ತಾಲೀಮಿನ ಸುತ್ತು ಅಂದುಕೊಂಡು ಬೇಕೆಂದೇ ಅತಿಯಾಗಿ ಬಾರಿಸಿದ್ದೆ, ಅದನ್ನೇ ಇಟ್ಟುಕೊಂಡುಬಿಟ್ಟರು ಎಂದು ಬರ್ಕ್ ಹೇಳುತ್ತಿದ್ದರು. ಡ್ರಮ್ಮರ್ ಸಂಯಮದಿಂದಿರಬೇಕು, ಹಾಡಿಗೆ ದಾರಿ ಬಿಡಬೇಕು ಎಂದು ಪಾಠ ಹೇಳುವ ಮೇಷ್ಟ್ರುಗಳಿಗೆಲ್ಲ ಈ ಮೂರು ನಿಮಿಷದ ಹಾಡೇ ಉತ್ತರ ಎಂದು ನನಗನ್ನಿಸುತ್ತದೆ.

ಇಂಥದ್ದನ್ನು ಒಂದೂವರೆ ಗಂಟೆ, ರಾತ್ರಿ ರಾತ್ರಿಯೂ ಬಾರಿಸಿದರೆ ದೇಹಕ್ಕೆ ಏನಾಗುತ್ತದೆ? ಚಿಚೆಸ್ಟರ್ ವಿಶ್ವವಿದ್ಯಾಲಯದ ಕ್ರೀಡಾವಿಜ್ಞಾನಿ ಮಾರ್ಕಸ್ ಸ್ಮಿತ್ ಅವರಿಗೆ ಹುಟ್ಟಿದ ಕುತೂಹಲ ಇದು. ಗ್ಲಾಸ್ಟರ್‌ಷೈರ್ ವಿಶ್ವವಿದ್ಯಾಲಯದ ಸ್ಟೀವ್ ಡ್ರೇಪರ್ ಜೊತೆಗೂಡಿದರು. ಬರ್ಕ್ ತಮ್ಮ ಮೈಯನ್ನೇ ಪ್ರಯೋಗಕ್ಕೆ ಕೊಟ್ಟರು. ಎದೆಗೆ ಬಡಿತ ಎಣಿಸುವ ಉಪಕರಣ. ಉಸಿರಿನಲ್ಲಿ ಎಷ್ಟು ಆಮ್ಲಜನಕ ಖರ್ಚಾಗುತ್ತಿದೆ ಎಂಬ ಅಳತೆ. ಜೋರಾಗಿ ದುಡಿದ ಸ್ನಾಯುಗಳು ರಕ್ತಕ್ಕೆ ಬಿಡುವ ಲ್ಯಾಕ್ಟೇಟ್ ಎಷ್ಟೇರಿದೆ ಎಂಬ ಪರೀಕ್ಷೆ. ಓಟಗಾರರಿಗೆ, ಸೈಕಲ್ ಪಟುಗಳಿಗೆ ಮಾಡುವುದನ್ನೆಲ್ಲ ಒಬ್ಬ ರಾಕ್ ಡ್ರಮ್ಮರ್‌ಗೆ ಮಾಡಿದರು, ಅದೂ ಒಂದು ದಿನವಲ್ಲ, ಎಂಟು ವರ್ಷಗಳ ಉದ್ದಕ್ಕೆ. 2008ರಲ್ಲಿ ಇದಕ್ಕೆ ಕ್ಲೆಮ್ ಬರ್ಕ್ ಡ್ರಮ್ಮಿಂಗ್ ಪ್ರಾಜೆಕ್ಟ್ ಎಂಬ ಹೆಸರೂ ಬಂತು.

ಕಛೇರಿಯ ಹೊತ್ತಿನಲ್ಲಿ ಅವರ ಹೃದಯ ಸರಾಸರಿ ನಿಮಿಷಕ್ಕೆ 140ರಿಂದ 150 ಸಲ ಬಡಿಯುತ್ತಿತ್ತು, ಏರಿದಾಗ 190 ಮುಟ್ಟುತ್ತಿತ್ತು. ಆಗ ಅವರಿಗೆ ಐವತ್ತರ ಆಸುಪಾಸು. 220ರಿಂದ ವಯಸ್ಸು ಕಳೆಯುವ ಹಳೆಯ ಸೂತ್ರದ ಪ್ರಕಾರ ಆ ವಯಸ್ಸಿಗೆ 170ರ ಹತ್ತಿರವೇ ಗರಿಷ್ಠ ಮಿತಿ. ಸೂತ್ರ ತೀರಾ ಒರಟು, ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಬದಲಾಗುತ್ತದೆ, ಆದರೂ 190 ಸಣ್ಣ ಸಂಖ್ಯೆಯಲ್ಲ. ಸ್ಮಿತ್ ಇದನ್ನು ಫುಟ್‌ಬಾಲ್ ಆಟಗಾರರಿಗೆ ಹೋಲಿಸಿದರು. ದೊಡ್ಡ ಆಟಗಾರರು ವರ್ಷಕ್ಕೆ 40-50 ಪಂದ್ಯ ಆಡಿಯಾರು. ಬರ್ಕ್ ಒಂದು 12 ತಿಂಗಳ ಅವಧಿಯಲ್ಲಿ 100 ಕಛೇರಿ ಕೊಟ್ಟಿದ್ದರು, ಪ್ರತಿಯೊಂದೂ 90 ನಿಮಿಷದ್ದು. ಆಟಗಾರನ ಹಿಂದೆ ಫಿಸಿಯೊ, ಆಹಾರತಜ್ಞ, ವಿಶ್ರಾಂತಿಯ ವೇಳಾಪಟ್ಟಿ ಎಲ್ಲ ಇರುತ್ತದೆ. ಡ್ರಮ್ಮರ್ ಹಿಂದೆ ಇರುವುದು ಮುಂದಿನ ಊರಿಗೆ ಹೊರಟು ನಿಂತ ಬಸ್ಸು.

ಒಬ್ಬರ ಅಳತೆಯಿಂದ ವಿಜ್ಞಾನ ಆಗುವುದಿಲ್ಲವಲ್ಲ. ಇದೇ ಗುಂಪು ಮುಂದೆ 14 ಡ್ರಮ್ಮರ್‌ಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ನಿಜವಾದ ಕಛೇರಿಯಲ್ಲಿ ಬಾರಿಸುವಾಗ ಅವರು ಗಂಟೆಗೆ ಸರಾಸರಿ 623 ಕಿಲೋಕ್ಯಾಲೊರಿ ಸುಡುತ್ತಿದ್ದರು. ಸುಮ್ಮನೆ ಕೂತಾಗ ದೇಹಕ್ಕೆ ಬೇಕಾಗುವ ಶಕ್ತಿಯ ಎಂಟು ಪಟ್ಟು ಅದು, ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಓಡಿದಷ್ಟು. ನಮ್ಮಲ್ಲಿ ಡೊಳ್ಳು ಹೊತ್ತು ಕುಣಿದವರು ಇದನ್ನು ಓದಿದರೆ ಇದಕ್ಕೊಂದು ಪ್ರಯೋಗಾಲಯ ಬೇಕಿತ್ತೇ ಎಂದು ನಕ್ಕಾರು.

ಆದರೆ ಆ ಪ್ರಬಂಧದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಅಂಕಿ. ಅದೇ 14 ಜನರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ ಸುಸ್ತಾಗಿ ನಿಲ್ಲುವವರೆಗೆ ತುಳಿಸಿದ್ದರು, ಅವರವರ ಗರಿಷ್ಠ ಮಿತಿ ತಿಳಿಯಲು. ಜೊತೆಗೆ ಡ್ರಮ್ ಪರೀಕ್ಷೆಯೂ ಇತ್ತು. ಡ್ರಮ್ ಬಾರಿಸುವಾಗ ಹೃದಯಬಡಿತ ಆ ಗರಿಷ್ಠದ ಸುಮಾರು 95 ಪ್ರತಿಶತ ಮುಟ್ಟಿತು, ಆಮ್ಲಜನಕದ ಬಳಕೆ ಮಾತ್ರ 79 ಪ್ರತಿಶತದಲ್ಲೇ ನಿಂತಿತು. ಹೃದಯ ಹೆಚ್ಚುಕಡಿಮೆ ಪೂರ್ತಿ ಓಡುತ್ತಿದೆ, ಸ್ನಾಯುಗಳು ಅಷ್ಟು ಆಮ್ಲಜನಕ ಬಳಸುತ್ತಲೇ ಇಲ್ಲ. ಯಾಕೆ ಹೀಗೆ? ಮುಖ್ಯ ಕಾರಣ ತೋಳು. ಕಾಲಿನ ಸ್ನಾಯುಗಳಿಗೆ ಹೋಲಿಸಿದರೆ ತೋಳಿನವು ಸಣ್ಣವು. ಅಷ್ಟೇ ಕೆಲಸವನ್ನು ಅವುಗಳಿಂದ ಮಾಡಿಸಿದರೆ ರಕ್ತದೊತ್ತಡ ಹೆಚ್ಚು ಏರುತ್ತದೆ, ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಸಾಲದ್ದಕ್ಕೆ ಕೋಲನ್ನು ಬಿಗಿಹಿಡಿದಿರಬೇಕು, ಒರಗಲು ಬೆನ್ನಿಲ್ಲದ ಸ್ಟೂಲಿನ ಮೇಲೆ ಎರಡೂ ಕಾಲನ್ನು ಪೆಡಲಿಗೆ ಕೊಟ್ಟು ಸೊಂಟದ ಬಲದಲ್ಲೇ ಕೂತಿರಬೇಕು. ವೇದಿಕೆಗೆ ಬಂದರೆ ದೀಪಗಳ ಕಾವು ಮತ್ತು ಅಡ್ರಿನಲಿನ್ ಬೇರೆ. ಈ ಕೊನೆಯ ಕಾರಣಕ್ಕೇ 623 ಎಂಬ ಸಂಖ್ಯೆಯನ್ನು ನಾನು ತುಸು ಎಚ್ಚರದಿಂದ ನೋಡುತ್ತೇನೆ. ಕಛೇರಿಯಲ್ಲಿ ನೇರವಾಗಿ ಅಳೆದದ್ದು ಹೃದಯಬಡಿತವನ್ನು, ಕ್ಯಾಲೊರಿ ಲೆಕ್ಕ ಹಾಕಿದ್ದು ಅದರಿಂದ. ಸಾವಿರಾರು ಜನರ ಕೂಗಿಗೆ ಏರಿದ ಬಡಿತಕ್ಕೂ ತೋಳಿನ ದುಡಿಮೆಗೆ ಏರಿದ ಬಡಿತಕ್ಕೂ ಆ ಉಪಕರಣ ಭೇದ ಮಾಡುವುದಿಲ್ಲ.

ಬರ್ಕ್ ಅಂದರೆ ಬರೀ ಬೆವರು ಅಂದುಕೊಂಡರೆ ‘ಹಾರ್ಟ್ ಆಫ್ ಗ್ಲಾಸ್’ ಕೇಳಬೇಕು. 1978ರಲ್ಲಿ ಧ್ವನಿಮುದ್ರಣವಾದ ಈ ಹಾಡಿನಲ್ಲಿ ರೋಲಾಂಡ್ ಸಿಆರ್-78 ಎಂಬ ತಾಳಯಂತ್ರವಿದೆ. ಯಂತ್ರದ ಟಿಕ್‌ಟಿಕ್ ಮೇಲೆ ಬರ್ಕ್ ತಮ್ಮ ಡ್ರಮ್ಮನ್ನು ಕೂರಿಸಬೇಕಿತ್ತು. ನಿರ್ಮಾಪಕ ಮೈಕ್ ಚ್ಯಾಪ್ಮನ್ ಇದಕ್ಕಾಗಿ ತಂಡವನ್ನು ಗಂಟೆಗಟ್ಟಲೆ ಕೂಡಿಹಾಕಿದರು. ಇವತ್ತು ಕಂಪ್ಯೂಟರಿನಲ್ಲಿ ಬಡಿತಗಳನ್ನು ಎಳೆದು ಜೋಡಿಸಿದಂತೆ ಅಂದು ಜೋಡಿಸಲಾಗುತ್ತಿರಲಿಲ್ಲ. ನಡುವಿನ ವಾದ್ಯಭಾಗದಲ್ಲಂತೂ ಕೆಲವು ಆವರ್ತಗಳಲ್ಲಿ ಒಂದು ಎಣಿಕೆ ಕಮ್ಮಿ, ಎಂಟರ ಜಾಗದಲ್ಲಿ ಏಳು. ಕುಣಿಯುವವರ ಕಾಲು ಒಂದು ಕ್ಷಣ ಎಡವುತ್ತದೆ, ಹಾಡು ಎಡವುವುದಿಲ್ಲ. 1979ರಲ್ಲಿ ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಏರಿತು.

ಯಂತ್ರಕ್ಕೆ ಎಷ್ಟೇ ಅಂಟಿಕೊಂಡು ಬಾರಿಸಿದರೂ ಮನುಷ್ಯನ ಕೈ ಒಂದಿಷ್ಟು ಮಿಲಿಸೆಕೆಂಡು ಹಿಂದೆಮುಂದೆ ಆಗಿಯೇ ಆಗುತ್ತದೆ. ಈ ತಪ್ಪುಗಳಿಗೂ ಒಂದು ವಿನ್ಯಾಸ ಇದೆ ಎಂಬುದು ಈಚಿನ ಶೋಧ. ಭೌತವಿಜ್ಞಾನಿ ಹೋಲ್ಗರ್ ಹೆನಿಗ್ ಮತ್ತು ಸಂಗಡಿಗರು 2011ರಲ್ಲಿ ಘಾನಾ ದೇಶದ ಒಬ್ಬ ವಾದ್ಯಗಾರನ ಬಡಿತಗಳನ್ನು ಅಳೆದು ನೋಡಿದರು. ಒಂದು ಬಡಿತ ತುಸು ತಡವಾದರೆ ಅದರ ನೆರಳು ನೂರಾರು ಬಡಿತಗಳಾಚೆಗೂ ಚಾಚಿರುತ್ತದೆ. ಕೇಳುಗರ ಮುಂದೆ ಎರಡು ಬಗೆಯ ಕೃತಕ ಧ್ವನಿ ಇಟ್ಟಾಗ ಗೊತ್ತುಗುರಿಯಿಲ್ಲದ ಏರುಪೇರಿಗಿಂತ ಮನುಷ್ಯನ ಕೈಯ ವಿನ್ಯಾಸ ಇದ್ದದ್ದನ್ನೇ ಹೆಚ್ಚು ಜನ ಮೆಚ್ಚಿದರು. 2015ರಲ್ಲಿ ಇನ್ನೊಂದು ಸಂಶೋಧಕರ ತಂಡ ಡ್ರಮ್ಮರ್ ಜೆಫ್ ಪೊರ್ಕಾರೊ ನುಡಿಸಿದ 1982ರ ಒಂದು ಹಾಡನ್ನು ಎತ್ತಿಕೊಂಡು ಅದರ ಹೈ-ಹ್ಯಾಟ್, ಅಂದರೆ ಪೆಡಲಿನಿಂದ ಮುಚ್ಚಿ ತೆರೆಯುವ ಜೋಡಿ ಲೋಹದ ತಟ್ಟೆಗಳ ಒಂದೊಂದು ಬಡಿತವನ್ನೂ ಅಳೆಯಿತು. ಅಲ್ಲೂ ಇದೇ ಬಗೆಯ ವಿನ್ಯಾಸ, ಕಾಲದಲ್ಲೂ ಬಡಿತದ ಜೋರಿನಲ್ಲೂ. ಟೊಟೊ ತಂಡದ ಪೊರ್ಕಾರೊ 1992ರಲ್ಲಿ, 38ನೇ ವಯಸ್ಸಿಗೇ, ತೀರಿಕೊಂಡಿದ್ದರು. ಅಭಿಮಾನಿಗಳು ಅವರ ಕೈಗೆ ಏನೋ ಒಂದು ಗುಣ ಇತ್ತು ಅನ್ನುತ್ತಲೇ ಬಂದಿದ್ದರು. ಆ ಏನೋ ಒಂದನ್ನು ಗ್ರಾಫಿನಲ್ಲಿ ಕಾಣುವ ಹೊತ್ತಿಗೆ ಅವರು ಹೋಗಿ ಎರಡು ದಶಕ ಕಳೆದಿತ್ತು.

ಇಷ್ಟಕ್ಕೂ ಹಾಡುವವರನ್ನು ಬಿಟ್ಟು ಹಿಂದೆ ಕೂತು ಬಾರಿಸುವವರನ್ನು ಜನ ಇಷ್ಟು ಹಚ್ಚಿಕೊಳ್ಳುವುದು ಯಾಕೆ? ಡ್ರಮ್ಮರ್ ಸತ್ತ ಸುದ್ದಿ ಕೇಳಿದ ಅಭಿಮಾನಿ ಮೊದಲು ಮಾಡುವ ಕೆಲಸ ಹಳೆಯ ಹಾಡು ಹಾಕಿ ಮೇಜಿನ ಮೇಲೋ ತೊಡೆಯ ಮೇಲೋ ಬಾರಿಸುವುದು. ಇದರ ಹಿಂದೆ ಮಿದುಳಿನ ಒಂದು ವಿಚಿತ್ರ ಇದೆ. ಜಾಯ್ಸ್ ಚೆನ್, ವರ್ಜೀನಿಯಾ ಪೆನ್‌ಹ್ಯೂನ್, ರಾಬರ್ಟ್ ಜಟೋರೆ 2008ರಲ್ಲಿ ತೋರಿಸಿದಂತೆ, ಸುಮ್ಮನೆ ಮಲಗಿ ತಾಳ ಕೇಳಿಸಿಕೊಂಡರೂ ಚಲನೆಯನ್ನು ಯೋಜಿಸುವ ಮಿದುಳಿನ ಭಾಗಗಳು ಚುರುಕಾಗುತ್ತವೆ. ಕೈ ಅಲ್ಲಾಡಿಸದಿದ್ದರೂ ಸರಿ. ಸ್ವರ ಕೇಳುವಾಗ ನಾವು ಕೇಳುಗರು, ತಾಳ ಕೇಳುವಾಗ ಅರ್ಧ ವಾದ್ಯಗಾರರು. ‘ಡ್ರೀಮಿಂಗ್’ ಹಾಡನ್ನು ನೂರಾರು ಸಲ ಕೇಳಿದವರ ಮಿದುಳು ಆ ಫಿಲ್‌ಗಳನ್ನು ನೂರಾರು ಸಲ ಒಳಗೊಳಗೇ ನುಡಿಸಿರುತ್ತದೆ. ಮುಂದಿನ ಉರುಳು ಯಾವಾಗ ಬರುತ್ತದೆಂದು ಅವರ ಕೈಗೆ ಮೊದಲೇ ಗೊತ್ತು.

ಒಟ್ಟಿಗೆ ಬಾರಿಸಿದರೆ ಇನ್ನೊಂದು ಲಾಭ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡ 2012ರಲ್ಲಿ ಕಂಡುಕೊಂಡದ್ದು: ಹಾಡಿದ, ಕುಣಿದ, ಡ್ರಮ್ ಬಾರಿಸಿದ ಮೇಲೆ ಜನ ನೋವನ್ನು ಮೊದಲಿಗಿಂತ ಹೆಚ್ಚು ತಡೆದುಕೊಳ್ಳುತ್ತಾರೆ, ಸುಮ್ಮನೆ ಸಂಗೀತ ಕೇಳಿದವರಲ್ಲಿ ಆ ಬದಲಾವಣೆ ಇಲ್ಲ. ದೇಹ ತಾನೇ ತಯಾರಿಸುವ, ನೋವು ತಗ್ಗಿಸುವ ಎಂಡಾರ್ಫಿನ್ ಇದಕ್ಕೆ ಕಾರಣ ಎಂದು ಅವರ ಊಹೆ. ಎಂಡಾರ್ಫಿನ್ನನ್ನು ನೇರ ಅಳೆದಿರಲಿಲ್ಲ, ನೋವಿನ ಸಹನೆಯನ್ನಷ್ಟೇ ಅಳೆದಿದ್ದರು.

ಬರ್ಕ್ ಹೆಸರಿನ ಯೋಜನೆ ಕ್ಯಾಲೊರಿ ಲೆಕ್ಕಕ್ಕೆ ನಿಲ್ಲಲಿಲ್ಲ. 2011ರಲ್ಲಿ ಗ್ಲಾಸ್ಟರ್‌ಷೈರ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟು ಹೊತ್ತಿಗೆ ಸ್ಮಿತ್, ಡ್ರೇಪರ್ ಬಳಗದ ಪ್ರಶ್ನೆ ಬದಲಾಗುತ್ತಿತ್ತು: ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಕೆಲಸ ಮಾಡುವ ಈ ಕಸರತ್ತು ಕಲಿತರೆ ಮಿದುಳಿಗೇನಾದೀತು? ಆಟಿಸಂ ಇರುವ 16ರಿಂದ 20 ವರ್ಷದ 36 ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಲಂಡನ್ನಿನ ಕಿಂಗ್ಸ್ ಕಾಲೇಜಿನವರ ಜೊತೆ ಸ್ಮಿತ್, ಡ್ರೇಪರ್ ಇಬ್ಬರ ಹೆಸರೂ ಅದರಲ್ಲಿದೆ. ಒಂದು ಗುಂಪಿಗೆ ಎರಡು ತಿಂಗಳು, ವಾರಕ್ಕೆ ಎರಡು ಸಲ, 45 ನಿಮಿಷದ ಡ್ರಮ್ ಪಾಠ. ಇನ್ನೊಂದು ಗುಂಪಿಗೆ ಏನೂ ಇಲ್ಲ. ಪಾಠ ಕಲಿತವರಲ್ಲಿ ಚಡಪಡಿಕೆ ಕಮ್ಮಿಯಾಯಿತು, ಗಮನ ಹೆಚ್ಚಿತು ಎಂದು ಮನೆಯವರು ಹೇಳಿದರು. ಮಿದುಳಿನ ಸ್ಕ್ಯಾನಿನಲ್ಲಿ, ದುಡುಕಿನ ಪ್ರತಿಕ್ರಿಯೆಯನ್ನು ತಡೆಹಿಡಿಯುವ ಭಾಗಗಳ ನಡುವಿನ ಸಂಪರ್ಕ ಬಲವಾದದ್ದು ಕಂಡಿತು.

ಸಿಕ್ಕಿದ್ದು ಒಳ್ಳೆಯ ಸುಳಿವು, ಪೂರ್ತಿ ಉತ್ತರ ಅಲ್ಲ. ಯಾವ ಮಗು ಪಾಠಕ್ಕೆ ಹೋಗುತ್ತಿದೆ ಎಂಬುದು ಮನೆಯವರಿಗೆ ಗೊತ್ತೇ ಇತ್ತು. ಬದಲಾವಣೆ ಬಂದದ್ದು ತಾಳದಿಂದಲೋ, ವಾರಕ್ಕೆರಡು ಸಲ ಒಬ್ಬ ಶಿಕ್ಷಕರ ಪೂರ್ತಿ ಗಮನ ಸಿಕ್ಕಿದ್ದರಿಂದಲೋ ಬಿಡಿಸಿ ಹೇಳಲಾಗದು. ಅದಕ್ಕೆ ಅಷ್ಟೇ ಹೊತ್ತು, ಅಷ್ಟೇ ಗಮನ ಸಿಗುವ ಇನ್ನೊಂದು ಗುಂಪು ಬೇಕು, ಚಿತ್ರವನ್ನೋ ಈಜನ್ನೋ ಕಲಿಯುವ ಗುಂಪು.